ಒಂದು ಬೆಳಗಿನ ಬಿಳಿ ಸೀರೆ

ಚಂದನನಗರ
೧೪ ಡಿಸೆಂಬರ್ ೨೦೧೮

ಪ್ರೀತಿಯ ಬುಬುನ್,

ಹೇಗಿದ್ದೀಯಪ್ಪಾ? ಕಚ್ಛದ ಉಪ್ಪಿನ ಬಯಲಿನಲ್ಲಿ ಮೊಣಕಾಲೂರಿ ಕೂತು ಕೊಕ್ಕರೆಗಳ ಫೋಟೋ ತೆಗೆಯುತ್ತಿರುವ ನಿನ್ನ ಚಿತ್ರವನ್ನು ಫೇಸ್‌ಬುಕ್‌ನಲ್ಲಿ ನೋಡಿದೆ. ಮೊದಲೇ ನಿನ್ನ ಬಲಮೊಣಕಾಲು ಸರಿಯಿಲ್ಲ. ಅಷ್ಟು ಭಾರದ ಕ್ಯಾಮೆರಾ ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಳ್ಳಬೇಡವೆಂದು ಎಷ್ಟು ಸಲ ಹೇಳಿಲ್ಲ? ನಾಗಪುರಕ್ಕೆ ಮರಳಿದ ಮೇಲೆ ಸಾಸಿವೆ ಎಣ್ಣೆಯನ್ನು ಬೆಳ್ಳುಳ್ಳಿ ಹಾಕಿ ಬಿಸಿಮಾಡಿ ತಿಕ್ಕಿಕೋ. ಬ್ಯಾಂಕಿನ ಕ್ಯಾಂಟೀನಿನ ಊಟ ಇನ್ನೂ ಹೊಟ್ಟೆಗೆ ಒಗ್ಗಿಲ್ಲವೇ? ನನ್ನ ಆರೋಗ್ಯ ಪರವಾಗಿಲ್ಲ. ರಕ್ತದೊತ್ತಡ ಸ್ವಲ್ಪ ಏರಿದೆ, ಕಾರಣ ಮುಂದೆ ಓದಿದರೆ ತಿಳಿಯುತ್ತದೆ. ಹೊಸ ಖರ್ಜೂರದ ಬೆಲ್ಲ ಬಂದಿದೆ, ಒಂದು ಡಬ್ಬಿ ನಿನಗೆಂದು ತೆಗೆದಿಟ್ಟಿದ್ದೇನೆ. ಸಿಟ್ಟು ಬೇರೆ, ಬೆಲ್ಲ ಬೇರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಎರಡನೆಯ ಮಾತಿಗೆ ಬರುವಷ್ಟರಲ್ಲಿ "ಮಾ, ಇಲ್ಲಿ ಸಿಗ್ನಲ್ ಸರಿಯಿಲ್ಲ" ಎಂದು ಇಟ್ಟುಬಿಡುತ್ತೀಯ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಪಾಠ ಮಾಡಿಯೇ ತಲೆ ನೆರೆಸಿಕೊಂಡವಳು ನಾನು. ನಾನು ಮಾತಾಡುತ್ತಿರುವಾಗ ಯಾರಾದರೂ ಎದ್ದುಹೋಗಿದ್ದನ್ನು ಕಂಡವಳಲ್ಲ. ಕಾಗದವಾದರೆ ನಿನ್ನ ಕೈಯಲ್ಲಿ ಸುಮ್ಮನೆ ಕೂತು ಪೂರ್ತಿ ಹೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ನನ್ನ ಕೈಹಿಡಿದು ಹೇಳಿದ್ದು ನಿನಗೂ ಗೊತ್ತು, ನೀನೂ ಅಲ್ಲೇ ಇದ್ದೆ. "ಹೈಮಂತಿ, ನಾನು ಹೋದ್ಮೇಲೆ ಆ ಅಂಚಿಲ್ಲದ ಬಿಳೀ ಥಾನ್ ಸೀರೆ ಸುತ್ಕೊಂಡು ಮೂಲೇಲಿ ಕೂತ್ರೆ ನೋಡು, ಮೇಲಿಂದ ಇಳಿದು ಬಂದು ಜಗಳ ಆಡ್ತೀನಿ. ಬೇರೆ ವಿಧವೇರ ಹಾಗೆ ಮೀನೂ ಬಿಡಬೇಡ. ಮೀನು ಬಿಟ್ರೆ ನಿನ್ ಬಾಯಿಗೆ ಬೇರೆ ಕೆಲಸ ಸಿಕ್ಕಿ, ಪಾಪ ಬುಬುನ್ ಗತಿ ಏನು?" ಎಂದು ನಕ್ಕಿದ್ದರು. ನಾನು ಆ ಮಾತು ನಡೆಸಿದೆ. ಶ್ರಾದ್ಧದ ಮರುದಿನ ಹಸಿರು ಸೀರೆಯುಟ್ಟು ಮೀನುಪೇಟೆಗೆ ಹೋದಾಗ ಓಣಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು. ನಿನ್ನ ಅಜ್ಜಿ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಅವರಿಗೂ ಸಾಕಾಯಿತು, ಊರಿಗೂ ಸಾಕಾಯಿತು. ನಾನು ವಿಧವೆ ಎಂಬುದನ್ನೇ ಜನ ಮರೆತರು. ಅಷ್ಟು ಮರೆಸುವುದಕ್ಕೆ ಎಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದೆ ಅನ್ನುವುದು ನನಗೊಬ್ಬಳಿಗೇ ಗೊತ್ತು.

ಹೋದ ಮಾಘದಲ್ಲಿ ನೀನು ಫೋನ್ ಮಾಡಿ "ಮಾ, ನಿನ್ನ ಕಾಶಿಗೆ ಕರ್ಕೊಂಡ್ ಹೋಗ್ತೀನಿ, ಇಬ್ರೇ" ಎಂದಾಗ ನಾನು ಕುಣಿದಾಡಿದ್ದೊಂದೇ ಬಾಕಿ. ಓಣಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ, ತರಕಾರಿಯವನಿಗೂ ಹೇಳಿದೆ. ರೈಲಿನಲ್ಲಿ ನೀನು ನನಗೆ ಮಣ್ಣಿನ ಲೋಟದಲ್ಲಿ ಚಹಾ ತಂದುಕೊಟ್ಟೆ, ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟೆ. ಮಗ ಎಂದರೆ ಹೀಗಿರಬೇಕು ಎಂದುಕೊಂಡೆ. ಎರಡನೆಯ ದಿನ ಬೆಳಿಗ್ಗೆ, ಇನ್ನೂ ಮಂಜು ಕವಿದಿರುವಾಗಲೇ ಎಬ್ಬಿಸಿ, ಚೀಲದೊಳಗಿಂದ ಹೊಚ್ಚಹೊಸ ಥಾನ್ ತೆಗೆದೆಯಲ್ಲ, ಆಗಲೂ ನನಗೆ ಹೊಳೆಯಲಿಲ್ಲ ನೋಡು. "ಒಂದೇ ಒಂದು ಬೆಳಿಗ್ಗೆ ಮಾ. ಬೆಳಕು ಏನ್ ಚೆನ್ನಾಗಿದೆ ಗೊತ್ತಾ. ನಿನ್ ಮುಖ ನಿನ್ ಮುಖದ ಥರಾನೇ ಇರಲ್ಲ" ಅಂದೆ. ನಾನು ಬೇಡವೆಂದೆ. ಅಪ್ಪನ ಮಾತು ನೆನಪಿಸಿದೆ. "ಇದು ಉಟ್ಕೊಳ್ಳೋದಲ್ಲ ಮಾ, ವೇಷ. ನಾಟಕದಲ್ಲಿ ಹಾಕಲ್ವಾ, ಹಾಗೆ" ಅಂದೆ. ಚಿಕ್ಕವನಿದ್ದಾಗ ಗಾಳಿಪಟಕ್ಕಾಗಿ ಗೋಗರೆಯುತ್ತಿದ್ದ ಅದೇ ದನಿ. ಅದಕ್ಕೆ ಸೋತೆ. ನೀನು ನನ್ನ ಕಿವಿಯ ಓಲೆ ಬಿಚ್ಚಿಸಿದೆ, ಕೈಗಡಿಯಾರ ಬಿಚ್ಚಿಸಿದೆ. ಚಹಾದ ಅಂಗಡಿಯಿಂದ ತಗ್ಗುಬಿದ್ದ ಹಿತ್ತಾಳೆಯ ಗಿಂಡಿ ಎರವಲು ತಂದು ಕೈಗಿಟ್ಟೆ. ಕೊನೆಗೆ ಕನ್ನಡಕವನ್ನೂ ತೆಗೆದುಕೊಂಡೆ. ಕನ್ನಡಕವಿಲ್ಲದಿದ್ದರೆ ನನ್ನ ಕಣ್ಣಿನಲ್ಲಿ ನೀರು ಸುರಿಯುತ್ತದೆ, ಅದು ನಿನಗೆ ಚಿಕ್ಕಂದಿನಿಂದ ಗೊತ್ತು. ನನಗೆ ಗಂಗೆಯೂ ಕಾಣಲಿಲ್ಲ, ನೀನೂ ಕಾಣಲಿಲ್ಲ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ನಿನ್ನ ಕ್ಯಾಮೆರಾ ಸಂಘದ ಗೆಳೆಯರು ಬಂದರು. ಇಬ್ಬರೇ ಬಂದಿದ್ದೇವೆ ಎಂದುಕೊಂಡಿದ್ದ ನನಗೆ ಆಗ ಅರ್ಥವಾಯಿತು, ಪ್ರವಾಸ ನಿನ್ನ ಸಂಘದ್ದು, ನಾನು ಸಾಮಾನಿನ ಜೊತೆ ಬಂದವಳು ಎಂದು. ಅವರೂ ಕ್ಲಿಕ್ ಕ್ಲಿಕ್ ಎನಿಸಿದರು. ಮಗ ಖುಷಿಯಾಗಿದ್ದಾನಲ್ಲ ಎಂದು ನಾನು ಗಂಗೆಯ ಮೆಟ್ಟಿಲ ಮೇಲೆ ಕೂತೇ ಇದ್ದೆ.

ಆ ಚಿತ್ರಕ್ಕೆ ನೀನು "ಯಾರೂ ಇಲ್ಲದವಳು" ಎಂದು ಹೆಸರಿಟ್ಟು ಫೇಸ್‌ಬುಕ್‌ನಲ್ಲಿ ಹಾಕಿದ್ದು ನನಗೆ ಗೊತ್ತಾಗಿದ್ದು ಬೇಸಿಗೆಯಲ್ಲಿ. ಸಿಲಿಗುರಿಯಿಂದ ನನ್ನ ಹಳೆಯ ವಿದ್ಯಾರ್ಥಿನಿ ಕಾಜೊರಿ ಫೋನಿನಲ್ಲಿ ಗೋಳೋ ಎಂದು ಅಳುತ್ತಿದ್ದಳು. "ದಿದಿಮಣಿ, ನಿಮ್ಮ ಮಗ ನಿಮ್ಮನ್ನ ಕಾಶೀಲಿ ಬಿಟ್ಟು ಹೋದನಾ? ನಾನ್ ಬಂದು ಕರ್ಕೊಂಡ್ ಹೋಗ್ತೀನಿ, ನಮ್ಮನೇಲಿ ಒಂದು ರೂಮ್ ಖಾಲಿ ಇದೆ" ಎಂದಳು. ನಾನು ಆಗ ಅಡುಗೆಮನೆಯಲ್ಲಿ ಸೀಗಡಿ ಬಿಡಿಸುತ್ತಿದ್ದೆ. ಅವಳಿಗೆ ಹೇಳಿ ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ಚಿತ್ರದ ಕೆಳಗೆ ಜನ ಬರೆದದ್ದನ್ನೆಲ್ಲ ಕೂತು ಓದಿದೆ. "ಹೆತ್ತ ತಾಯಿಯನ್ನು ಹೀಗೆ ಬಿಟ್ಟ ಮಗ ಹುಳ ಬಿದ್ದು ಸಾಯಲಿ" ಎಂದು ಒಬ್ಬಳು ಬರೆದಿದ್ದಳು. ಅದರ ಕೆಳಗೆ ನೀನು ಕೈಮುಗಿದ ಗುರುತು ಹಾಕಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬುಬುನ್, ಅವಳು ಶಾಪ ಹಾಕಿದ್ದು ನಿನಗೇ. ನಾನು ಮಾತ್ರ ಆ ಸಂಜೆ ದೇವರ ಮುಂದೆ ದೀಪ ಹಚ್ಚಿ, ಆ ಶಾಪ ನನ್ನ ಮಗನಿಗೆ ತಟ್ಟದಿರಲಿ ಎಂದು ಬೇಡಿಕೊಂಡೆ. ಬುದ್ಧಿಯಿಲ್ಲದ ಹೆಂಗಸು ನಾನು.

ಇಷ್ಟಾದರೂ ನುಂಗಿಕೊಂಡಿದ್ದೆ. ಮಗನ ಹವ್ಯಾಸ, ನಾಲ್ಕು ಜನ ಹೊಗಳುತ್ತಾರೆ, ಹೋಗಲಿ ಅಂದುಕೊಂಡೆ. ಈಗ ಬರೆಯುತ್ತಿರುವುದು ಝಿಮ್ಲಿಯ ಮದುವೆಯ ವಿಷಯಕ್ಕೆ. ನೀನು ಬರಲಿಲ್ಲ. ಊರೂರ ಮದುಮಕ್ಕಳ ಫೋಟೋ ತೆಗೆದು ಹಾಕುವವನಿಗೆ ಸ್ವಂತ ಚಿಕ್ಕಪ್ಪನ ಮಗಳ ಮದುವೆಗಿಂತ ಕೊಕ್ಕರೆ ಹೆಚ್ಚಾಯಿತು. ಅವಳ ತಾಯಿ ಸತ್ತಾಗ ಅವಳಿಗೆ ಜಡೆ ಹೆಣೆದುಕೊಳ್ಳಲೂ ಬರುತ್ತಿರಲಿಲ್ಲ. ನಿನ್ನ ತಟ್ಟೆಯ ಪಕ್ಕದಲ್ಲೇ ಅವಳ ತಟ್ಟೆ ಇಟ್ಟು ಬೆಳೆಸಿದೆ. ಮದುವೆ ಗೊತ್ತಾದ ದಿನವೇ ಅವಳು ದೊಡ್ಡಮ್ಮನಾದ ನಾನೇ ಬೇಕೆಂದು ಅಪ್ಪನ ಮುಂದೆ ಪಟ್ಟು ಹಿಡಿದಳು. "ಬಾಗಿಲಲ್ಲಿ ಮೊರ ಎತ್ತಿ ವರನಿಗೆ ಬೊರೊನ್ ಮಾಡೋದು ಜೇಠಿಮಾನೇ. ಅಮ್ಮ ಇದ್ದಿದ್ರೆ ಅಮ್ಮ ಮಾಡ್ತಿದ್ಲು. ಈಗ ಇವರೇ ನನ್ ಅಮ್ಮ. ಇಲ್ಲಾಂದ್ರೆ ನಾನು ಮದುವೆ ಪೀಠ ಹತ್ತಲ್ಲ." ವರನನ್ನು ಬರಮಾಡಿಕೊಳ್ಳುವ ಆ ಮೊರವನ್ನು ವಿಧವೆಯ ಕೈಗೆ ಕೊಡುವುದು ನಮ್ಮಲ್ಲಿ ಯಾರೂ ಕಂಡು ಕೇಳಿದ್ದಲ್ಲ. ನಿನ್ನ ಚಿಕ್ಕಪ್ಪ ಒಂದು ವಾರ ಒದ್ದಾಡಿ, ಪುರೋಹಿತರನ್ನು ಒಪ್ಪಿಸಿ, ಕೊನೆಗೆ ಹೂಂ ಅಂದ. ಗಂಡಿನ ಕಡೆಯವರಿಂದ ನಾವು ಮುಚ್ಚಿಡಲಿಲ್ಲ, ಅವರು ಕೇಳಲೂ ಇಲ್ಲ. ಬಣ್ಣದ ಸೀರೆ ಉಟ್ಟು ಓಲೆ ಹಾಕಿಕೊಂಡು ಓಡಾಡುವವಳನ್ನು ಯಾರು ಕೇಳುತ್ತಾರೆ?

ನಿನ್ನ ಅಪ್ಪ ವಿಷ್ಣುಪುರದಿಂದ ತಂದುಕೊಟ್ಟ ನೀಲಿ ಬಾಲುಚರಿ ಸೀರೆ ಉಟ್ಟೆ. ಮೊರದಲ್ಲಿ ದೀಪ, ಭತ್ತ, ಗರಿಕೆ, ಅರಿಶಿನ ಎಲ್ಲವನ್ನೂ ನಾನೇ ಜೋಡಿಸಿದ್ದೆ. ಶಂಖ ಊದಿದರು. ವರನ ಕಾರು ನಿಂತಿತು. ನಾನು ಬಾಗಿಲಲ್ಲಿ ಮೊರ ಎತ್ತಿ ಅವನ ಹಣೆಯ ಹತ್ತಿರ ಒಯ್ಯುವಷ್ಟರಲ್ಲಿ, ಬರ್ಧಮಾನದಿಂದ ಬಂದಿದ್ದ ವರನ ಸೋದರತ್ತೆ "ಒಂದ್ನಿಮಿಷ, ಒಂದ್ನಿಮಿಷ" ಎಂದು ಮುಂದೆ ನುಗ್ಗಿದರು. ನನ್ನ ಮುಖ ನೋಡಿದರು, ಕೈಯಲ್ಲಿದ್ದ ಫೋನ್ ನೋಡಿದರು, ಮತ್ತೆ ನನ್ನ ಮುಖ ನೋಡಿದರು. "ಇವರು ಆ ಫೋಟೋದಲ್ಲಿರೋ ಕಾಶಿ ವಿಧವೆ ಅಲ್ವೇನ್ರೀ? ನಾನೇ ಹತ್ತು ಜನಕ್ಕೆ ಕಳ್ಸಿದ್ದೆ. ನೋಡಿ, ಗಲ್ಲದ ಮೇಲೆ ಇದೇ ಮಚ್ಚೆ!" ಫೋನು ಕೈಯಿಂದ ಕೈಗೆ ಹೋಯಿತು. ಶಂಖ ನಿಂತುಹೋಯಿತು. "ಕಾಶೀಲಿ ಬಿಟ್ಟುಬಂದೋರನ್ನ ಬಾಗಿಲಲ್ಲಿ ನಿಲ್ಸಿದೀರಲ್ಲ, ನಮ್ಮ ಹುಡುಗನ ಆಯಸ್ಸು ನಿಮಗೆ ಆಟಾನಾ?" ಎಂದು ಆಕೆ ಕೂಗಿದರು. ನಾನು ನಿನ್ನ ಚಿಕ್ಕಪ್ಪನ ಮುಖ ನೋಡಿದೆ. ಅವನು ನೆಲ ನೋಡಿದ. "ಬೌದಿ, ಬೇಜಾರ್ ಮಾಡ್ಕೋಬೇಡಿ, ಲಗ್ನ ಮೀರುತ್ತೆ" ಎಂದು ಮೊರವನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡ. ಎದುರುಮನೆಯ ಪಾಲಿತ್ ಗಿನ್ನಿ ಬೊರೊನ್ ಮಾಡಿದಳು. ಆಕೆಗೆ ಝಿಮ್ಲಿಯ ಹೆಸರಿನ ಹೊರತು ಬೇರೇನೂ ಗೊತ್ತಿಲ್ಲ, ಆದರೆ ಗಂಡ ಬದುಕಿದ್ದಾನೆ.

ಊಟಕ್ಕೆ ಕೂತಾಗ ಎಲ್ಲರಿಗೂ ಬಾಳೆಲೆಯಲ್ಲಿ ಬೇಯಿಸಿದ ಭೆಟ್ಕಿ ಮೀನು ಬಂತು. ನನ್ನ ಎಲೆಗೆ ಮಾತ್ರ ಬಡಿಸುವವನು ಲೂಚಿ, ಬೇಳೆ ತಂದ. "ಮಾಶಿಮಾ, ನಿಮಗೆ ನಿರಾಮಿಷ ಬೇರೆ ತರ್ಸಿದಾರೆ, ಗಂಡಿನ ಕಡೆ ಅಮ್ಮಾವ್ರು ಹೇಳಿದ್ರು" ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ಭೆಟ್ಕಿ ತಗೊಂಡ್ ಬಾ. ಎರಡು ಹಾಕು" ಎಂದೆ, ಇಡೀ ಪಂಕ್ತಿಗೆ ಕೇಳುವ ಹಾಗೆ. ಹಾಕಿದ. ಎಲ್ಲರೂ ಕೈ ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದರು. ನಾನು ಎರಡನ್ನೂ ತಿಂದು ಮುಗಿಸಿದೆ. ರುಚಿ ಹೇಗಿತ್ತು ಎಂದು ಕೇಳಬೇಡ, ಗೊತ್ತಾಗಲಿಲ್ಲ. ಗಂಡ ಸತ್ತಾಗಲೂ ನಾನು ವಿಧವೆ ಆಗಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗ ಒಂದು ಬೆಳಗಿನಲ್ಲಿ ಮಾಡಿ ಮುಗಿಸಿದ.

ಮರುದಿನ ನಿನಗೆ ಫೋನ್ ಮಾಡಿದೆ, ಆ ಚಿತ್ರ ತೆಗೆದುಹಾಕು ಎಂದೆ. "ಮಾ, ಜನ ಅಲ್ಲಿ ನಿನ್ನ ನೋಡಲ್ಲ, ಒಂದು ಭಾವ ನೋಡ್ತಾರೆ. ಅದು ಪ್ರದರ್ಶನಕ್ಕೆ ಆಯ್ಕೆ ಆಗಿದೆ, ಈಗ ತೆಗೆಯೋಕಾಗಲ್ಲ" ಎಂದೆ. ವರನ ಸೋದರತ್ತೆ ಭಾವವನ್ನು ನೋಡಲಿಲ್ಲ ಬುಬುನ್, ನನ್ನ ಗಲ್ಲದ ಮಚ್ಚೆ ನೋಡಿದರು. ನಿನಗೆ ನೆನಪಿದೆಯೋ ಇಲ್ಲವೋ, ನೀನು ತೆಗೆದ ಮೊದಲ ಚಿತ್ರವೂ ನನ್ನದೇ. ಅಪ್ಪನ ಹಳೆಯ ಕ್ಯಾಮೆರಾ ಕದ್ದು ತಂದು, ನಾನು ಈಳಿಗೆಮಣೆಯ ಮುಂದೆ ಮೀನು ಹೆಚ್ಚುತ್ತಿದ್ದಾಗ ತೆಗೆದಿದ್ದೆ. ನನ್ನ ಅರ್ಧ ತಲೆ ಹಾರಿಹೋಗಿದೆ, ಒಂದು ಮೂಲೆಯಲ್ಲಿ ನಿನ್ನ ಹೆಬ್ಬೆರಳು ಅಡ್ಡ ಬಂದಿದೆ. ಆದರೂ ನಾನು ಅದರಲ್ಲಿ ಬಾಯ್ತುಂಬ ನಗುತ್ತಿದ್ದೇನೆ. ನಿನ್ನ ಅಪ್ಪ ಅದಕ್ಕೆ ಕಟ್ಟು ಹಾಕಿಸಿದ್ದರು. ಇವತ್ತಿಗೂ ನನ್ನ ಮಂಚದ ಎದುರಿಗಿದೆ. ನೀನು ಆಮೇಲೆ ಬೆಳಕು ಕಲಿತೆ, ಕೋನ ಕಲಿತೆ, ಏನೇನೋ ಕಲಿತೆ. ಅಷ್ಟು ಚೆನ್ನಾದ ಚಿತ್ರ ಮತ್ತೆ ತೆಗೆಯಲಿಲ್ಲ.

ಇನ್ನು ನಿನ್ನ ಮೊನ್ನೆಯ ಸಂದೇಶ. ಈ ಮಾಘದಲ್ಲೂ ಸಂಘ ಕಾಶಿಗೆ ಹೊರಟಿದೆ, ಬಾ, ಬರುವಾಗ ಆ ಥಾನ್ ತರುವುದು ಮರೆಯಬೇಡ ಎಂದು ಬರೆದಿದ್ದೀಯ. ಮದುವೆಯಲ್ಲಿ ನಡೆದದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ಬರೆದದ್ದು ಇದು! ಥಾನ್ ಈಗ ಇಲ್ಲ. ನಿನ್ನೆ ಕೂತು ಉದ್ದಕ್ಕೆ ಹರಿದೆ. ಅರ್ಧ ಕೆಲಸದ ಮಾಲತಿ ನೆಲ ಒರೆಸಲು ಒಯ್ದಳು. ಉಳಿದರ್ಧ ಈಳಿಗೆಮಣೆಯ ಪಕ್ಕದಲ್ಲಿದೆ, ಮೀನು ಹೆಚ್ಚಿದ ಕೈ ಒರೆಸಿಕೊಳ್ಳುತ್ತೇನೆ. ಒಳ್ಳೆಯ ಬಟ್ಟೆ, ನೀರು ಚೆನ್ನಾಗಿ ಹೀರುತ್ತದೆ.

ಹೊತ್ತುಹೊತ್ತಿಗೆ ಉಣ್ಣು. ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ನಿನ್ನ ಚಿಕ್ಕಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ಅವನು ಮೊದಲಿನಿಂದಲೂ ಪುಕ್ಕಲ. ನೂರು ವರ್ಷ ಬಾಳು, ಕಣ್ಣು ಚೆನ್ನಾಗಿರಲಿ.

ಆಶೀರ್ವಾದಗಳೊಂದಿಗೆ,
ನಿನ್ನ ಮಾ
ಹೈಮಂತಿ ತರಫದಾರ್

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತಿರಲಿಲ್ಲ, ಬರೆಯಲು ಕೈ ಬರುತ್ತಿರಲಿಲ್ಲ. ಆ ಬೆಳಿಗ್ಗೆ ಮೆಟ್ಟಿಲ ಮೇಲೆ ನಿನ್ನ ಗೆಳೆಯನೊಬ್ಬ "ಗುರೂ, ಈ ಅಜ್ಜಿ ಎಲ್ಲಿ ಸಿಕ್ಕಿದ್ರು?" ಎಂದು ಕೇಳಿದ. ನೀನು "ಯಾರೋ ಏನೋ, ಇಲ್ಲೇ ಕೂತಿರ್ತಾರೆ, ನೀವೂ ತಗೊಳ್ಳಿ" ಎಂದೆ. ನನ್ನ ಕನ್ನಡಕ ಕಿತ್ತುಕೊಂಡಿದ್ದೆ, ಕಿವಿ ಇತ್ತು. ಇದನ್ನು ನಾನು ಝಿಮ್ಲಿಗೂ ಹೇಳಿಲ್ಲ. ಆ ಚಿತ್ರ ತೆಗೆಯುವುದು ಬೇಡ, ಪ್ರದರ್ಶನದಲ್ಲೇ ಇರಲಿ. ಅದರ ಕೆಳಗಿನ ಹೆಸರು ಅಳಿಸಿ "ಇವರು ನನ್ನ ತಾಯಿ" ಎಂದು ಬರೆ. ಬರೆದ ದಿನ ಫೋನ್ ಮಾಡು. ಅಲ್ಲಿಯವರೆಗೆ ಬೇಡ, ನಾನು ಯಾರೋ ಏನೋ.