ಎಡಗಣ್ಣಿಗೆ ದಾಖಲೆ ಕೇಳಿದವರಿಗೆ

ಹಿರಿಯರ ಆರೋಗ್ಯ ವಿಮೆಯ ಕಡತಗಳಿಗೆ ಸಹಿ ಹಾಕುವ ಮಾನ್ಯರೇ,

ಮನುಷ್ಯರಿಗೆ ಎರಡು ಕಣ್ಣಿರುತ್ತವೆ. ಈ ಸಂಗತಿ ತಮ್ಮ ಕಚೇರಿಗೆ ಇನ್ನೂ ಅಧಿಕೃತವಾಗಿ ತಲುಪಿಲ್ಲವಾದ್ದರಿಂದ ಈ ಪತ್ರ. ತಲುಪಿದ್ದರೆ ನಮ್ಮ ಬೀದಿಯ ಕಣ್ಣಾಸ್ಪತ್ರೆ ತಮ್ಮ ಯೋಜನೆ ಬಿಟ್ಟು ಹೋಗುತ್ತಿರಲಿಲ್ಲ, ನಾನು ಎಡಗಣ್ಣಿನ ಪೊರೆ ಹೊತ್ತುಕೊಂಡು ಹೀಗೆ ಕೂತಿರುತ್ತಿರಲಿಲ್ಲ.

"ಆಸ್ಪತ್ರೆಗಳು ಲಾಭದಾಸೆಗೆ ಯೋಜನೆ ತೊರೆಯುತ್ತಿವೆ" ಎಂದು ತಾವು ಪತ್ರಿಕೆಗೆ ಕೊಟ್ಟ ಹೇಳಿಕೆ ಓದಿದೆ. ಬಲಗಣ್ಣಿನಲ್ಲಿ ಓದಿದೆ, ಅದಕ್ಕೆ ಹೋದ ವರ್ಷ ತಾವೇ ಮಂಜೂರಾತಿ ಕೊಟ್ಟಿದ್ದಿರಿ, ಉಪಕಾರ ಮರೆಯುವವಳಲ್ಲ ನಾನು. ವಯಸ್ಸು ಎಪ್ಪತ್ತೊಂದು, ಅದರಲ್ಲಿ ಐವತ್ತು ವರ್ಷ ಹೊಲಿಗೆ ಮಷೀನಿನ ಮುಂದೆ. ಈ ವರ್ಷ ಎಡಗಣ್ಣಿನ ಸರದಿ. ಆಸ್ಪತ್ರೆಯವರು ಅರ್ಜಿ ಕಳಿಸಿದರು. ತಮ್ಮ ಉತ್ತರ ಬಂತು: "ಸದರಿ ಫಲಾನುಭವಿಗೆ ಸದರಿ ಶಸ್ತ್ರಚಿಕಿತ್ಸೆ ಈಗಾಗಲೇ ನೆರವೇರಿದೆ. ಒಂದೇ ಚಿಕಿತ್ಸೆಗೆ ಎರಡು ಬಾರಿ ಅರ್ಜಿ ಸಲ್ಲಿಸಿರುವುದಕ್ಕೆ ಸಮಜಾಯಿಷಿ ನೀಡತಕ್ಕದ್ದು."

ಅಲ್ಲಾ ಸ್ವಾಮಿ, ಏನಂತ ಸಮಜಾಯಿಷಿ ಕೊಡುವುದು? ಹುಟ್ಟುವಾಗಲೇ ಎರಡಿದ್ದವು, ತಪ್ಪಾಯಿತು ಎಂದೇ? ಡಾಕ್ಟರು "ಇದು ಎಡಗಣ್ಣು" ಎಂದು ಬರೆದರು. ಎಡಗಣ್ಣು ಬೇರೆ ಎಂಬುದಕ್ಕೆ ದಾಖಲೆ ಕೇಳಿದಿರಿ. ಫೋಟೋ ಕಳಿಸಿದರು. ಫೋಟೋದಲ್ಲಿ ಕನ್ನಡಕವಿದೆ, ತಿರಸ್ಕೃತ. ಕನ್ನಡಕ ತೆಗೆಸಿ ಕಳಿಸಿದರೆ, ಗುರುತಿನ ಚೀಟಿಯಲ್ಲಿ ಕನ್ನಡಕವಿದೆ, ಹೋಲಿಕೆಯಿಲ್ಲ, ಮತ್ತೆ ತಿರಸ್ಕೃತ. ನನ್ನೊಬ್ಬಳ ಕಡತದಲ್ಲೇ ಹನ್ನೊಂದು ಪತ್ರ. ನನ್ನನ್ನೂ ಸೇರಿಸಿ ಇಂಥ ಎರಡನೇ ಕಣ್ಣಿನವರು ಮೂವತ್ತೆಂಟು ಜನ. ಬೆಳಿಗ್ಗೆ ಆಪರೇಷನ್ ಮಾಡುತ್ತಿದ್ದ ಡಾಕ್ಟರು ಮಧ್ಯಾಹ್ನವಿಡೀ ತಮಗೆ ಉತ್ತರ ಬರೆಯುತ್ತ ಕೂರತೊಡಗಿದರು, ಆಮೇಲೆ ಬೆಳಿಗ್ಗೆಯೂ. ಕೊನೆಗೊಂದು ದಿನ ಸ್ಟೂಲು ಹತ್ತಿ ತಮ್ಮ ಯೋಜನೆಯ ಬೋರ್ಡನ್ನು ಗೋಡೆಯಿಂದ ಬಿಚ್ಚಿದರು. "ಸಾಕಮ್ಮಾ. ಕಣ್ಣು ನೋಡೋದು ನಂಗೊತ್ತು. ಕಣ್ಣಿದೆ ಅಂತ ಸಾಬೀತು ಮಾಡೋದು ನನ್ನ ಕೈಲಾಗಲ್ಲ" ಎಂದರು. ಲಾಭದಾಸೆಯ ಮುಖ ಹಾಗಿರುವುದಿಲ್ಲ, ಮಾನ್ಯರೇ. ಆ ಮನುಷ್ಯ ಸೋತು ಸುಣ್ಣವಾಗಿದ್ದರು.

ಬೇರೆ ಆಸ್ಪತ್ರೆಗೆ ಹೋಗಿ ಎಂದು ತಮ್ಮ ಸಹಾಯವಾಣಿಯವರು ಹೇಳಿದರು. ಪಟ್ಟಿಯಲ್ಲಿ ನಮ್ಮೂರಿಗೆ ಉಳಿದದ್ದು ಒಂದೇ, ಹೆರಿಗೆ ಆಸ್ಪತ್ರೆ. ಹೋದೆ, ಅದನ್ನೂ ಯಾಕೆ ಬಿಡಬೇಕು? ಕೌಂಟರಿನ ನರ್ಸ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿ, ಯಾರನ್ನ ನೋಡೋಕೆ ಬಂದ್ರಿ?" ಎಂದಳು. ನಾನೇ ಪೇಷಂಟು ಎಂದೆ. ಪಾಪ, ಕುರ್ಚಿ ಹಾಕಿ ನೀರು ಕೊಟ್ಟಳು. ಹಿರಿಯರ ವಿಮೆ ಇಲ್ಲಿ ಇನ್ನೂ ಇದೆಯಂತಲ್ಲಮ್ಮಾ ಎಂದರೆ, "ಐದು ವರ್ಷದಿಂದ ಇದೆ ಅಜ್ಜಿ. ಒಬ್ಬರೂ ಬಂದಿಲ್ಲ, ಒಂದು ತಕರಾರೂ ಇಲ್ಲ" ಎಂದಳು. ಆಗ ತಮ್ಮ ಯೋಜನೆ ನನಗೆ ಪೂರ್ತಿ ಅರ್ಥವಾಯಿತು. ಚಿಕಿತ್ಸೆ ಕೊಟ್ಟವರಿಗೆ ಪತ್ರ ಬರುತ್ತದೆ, ಪತ್ರ ಬಂದವರು ಓಡಿಹೋಗುತ್ತಾರೆ. ಯಾರಿಗೂ ಏನೂ ಮಾಡದವರು ಪಟ್ಟಿಯಲ್ಲಿ ನೆಮ್ಮದಿಯಾಗಿದ್ದಾರೆ.

ತಮಾಷೆ ಸಾಕು. ನನಗೆ ಹೆದರಿಕೆಯಾಗುತ್ತಿದೆ. ಪೊರೆ ಗಟ್ಟಿಯಾಗುತ್ತಿದೆ, ಮೂರು ತಿಂಗಳು ದಾಟಿದರೆ ಆಪರೇಷನ್ ಕಷ್ಟ ಎಂದಿದ್ದಾರೆ. ಒಂದೇ ಕಣ್ಣಿಗೆ ಸೂಜಿ ಎಷ್ಟು ದೂರವಿದೆ ತಿಳಿಯುವುದಿಲ್ಲ. ಹೋದ ತಿಂಗಳು ಬಟ್ಟೆಯ ಜೊತೆ ಬೆರಳನ್ನೂ ಹೊಲಿದುಕೊಂಡೆ. ಕಟ್ಟಿದ ಬೆರಳು ನೋಡಿ ಡಾಕ್ಟರಿಗೆ ಕರುಳು ಚುರುಕ್ಕೆಂದಿತು. "ಎಲ್ಲರಿಗೂ ಆಗಲ್ಲಮ್ಮಾ, ನಿಮಗೊಬ್ಬರಿಗೆ ಪುಕ್ಕಟೆ ಮಾಡ್ತೀನಿ" ಎಂದರು. ಆಸೆಯಾಯಿತು, ಯಾಕೆ ಸುಳ್ಳು ಹೇಳಲಿ. ಆದರೆ ಹೊರಗಿನ ಬೆಂಚಿನಲ್ಲಿ ನಮ್ಮ ಬೀದಿಯ ನಿವೃತ್ತ ಪೋಸ್ಟ್‌ಮ್ಯಾನ್ ಕೂತಿದ್ದರು. ಆ ಮೂವತ್ತೆಂಟರಲ್ಲಿ ಅವರೂ ಒಬ್ಬರು. ಅವರ ಒಂದು ಕಣ್ಣು ಯಾವತ್ತೋ ಹೋಗಿದೆ, ಇರುವುದೇ ಈ ಎರಡನೆಯದು. ನನ್ನ ಬದಲು ಅವರಿಗೆ ಮಾಡಿ ಎಂದೆ, ಮನೆಗೆ ಬಂದು ಅತ್ತೆ. ಮೊನ್ನೆ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಆ ಪುಣ್ಯಾತ್ಮ ನಮ್ಮ ಮನೆಗೆ ಬಂದು, ನನ್ನನ್ನೇ ದಿಟ್ಟಿಸಿ, "ಏನಮ್ಮಾ, ಇಷ್ಟು ಮುದುಕಿಯಾಗಿಬಿಟ್ಟಿದ್ದೀಯ!" ಎಂದರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಮನುಷ್ಯರಿಗೆ ಕಣ್ಣು ಎರಡು ಎಂದು ಒಂದು ಸುತ್ತೋಲೆ ಹೊರಡಿಸಿ. ಆ ಡಾಕ್ಟರ ಬಳಿ ಖುದ್ದು ಹೋಗಿ, ಕ್ಷಮೆ ಕೇಳಿ, ವಾಪಸ್ ಕರೆಯಿರಿ. ಉಳಿದ ಮೂವತ್ತೇಳು ಅರ್ಜಿಗಳಿಗೆ ಸಹಿ ಹಾಕಿ, ನನ್ನದು ಕಡೆಯದಾದರೂ ಚಿಂತೆಯಿಲ್ಲ. ಬೇಗ ಹಾಕಿ. ಮೂರು ತಿಂಗಳಲ್ಲಿ ಏಳು ವಾರ ಆಗಲೇ ಮುಗಿದಿದೆ, ನನ್ನ ಸರದಿಯನ್ನು ನಾನು ಬೇರೆಯವರಿಗೆ ಕೊಟ್ಟಾಗಿದೆ.

ಇಂತಿ,
ಸದ್ಯಕ್ಕೆ ಅರ್ಧ ಮಾತ್ರ ಮಂಜೂರಾಗಿರುವ
ಹೊಲಿಗೆಯವಳು