ಘೋಣಸಗಿಯ ತುರ್ತು ಚಕ್ಕಡಿ

೩ ಜುಲೈ ೧೯೭೪, ಬುಧವಾರ. ಟಿಕೋಟಾ

ಇವತ್ತೂ ಆರು ಬಾವಿಗೆ ಬ್ಲೀಚಿಂಗ್ ಪೌಡರ್. ಅಂಗಿ ತುಂಬ ಅದೇ ವಾಸನೆ. ಸಂಜೆ ಆಸ್ಪತ್ರೆಗೆ ಬಂದರೆ ವಿಜಾಪುರದಿಂದ ಸರ್ಕ್ಯುಲರ್ — ಕಾಲರಾ ಬರುವ ಮೊದಲೇ ಪ್ರತಿ ಹಳ್ಳಿಗೂ ತುರ್ತು ಯೋಜನೆ ಆಗಬೇಕು. ನಾಲ್ಕು ಪ್ರತಿ. ಡಾಕ್ಟರು ಕಾಗದ ಓದಲೂ ಇಲ್ಲ. "ಪ್ರಲ್ಹಾದರಾವ್, ಹೆಲ್ತ್ ಇನ್ಸ್‌ಪೆಕ್ಟರ್ ನೀವದೀರಿ, ನೀವ ಮಾಡ್ರಿ" ಅಂದು ಜೀಪು ಹತ್ತಿದರು. ಎಲ್ಲದಕ್ಕೂ ನಾನೇ. ಮೊದಲು ಘೋಣಸಗಿ.

೬ ಜುಲೈ, ಶನಿವಾರ. ಘೋಣಸಗಿ

ಚಾವಡಿಯಲ್ಲಿ ಸಭೆ. ಕರೆದದ್ದು ಹತ್ತಕ್ಕೆ, ಬಂದದ್ದು ಹನ್ನೆರಡೂವರೆಗೆ. ಬಂದವರಿಗೂ ಕಾಲರಾದ ಮಾತು ಬೇಕಿಲ್ಲ, ಎರಡನೆಯ ಬಸ್ಸು ಯಾವಾಗ ಅಂತ ನನ್ನನ್ನೇ ಕೇಳುತ್ತಾರೆ. ನಾನೇನು ಡ್ರೈವರನೇ?

ಮಳೆ ಬಿದ್ದರೆ ಎರೆಮಣ್ಣಿನ ದಾರಿ ಪೂರಾ ಕೆಸರು. ಬಸ್ಸೂ ಬರದು, ಜೀಪೂ ಬರದು. ಸಲೈನ್ ಇರುವುದು ಟಿಕೋಟಾದಲ್ಲಿ. ಒಂದು ಚಕ್ಕಡಿ ಸದಾ ಸಿದ್ಧವಿರಬೇಕು ಅಂದೆ. ರೈತ ಮಲಕಾಜಪ್ಪ ಎದ್ದು ನಿಂತ. "ನಂದು ಬರಕೋರಿ. ಎತ್ತೂ ಗಟ್ಟಿ ಅದಾವು." ಬರೆದುಕೊಂಡೆ. ಎತ್ತಿನ ಬಣ್ಣ, ವಯಸ್ಸು — ಎಲ್ಲಕ್ಕೂ ಕಾಲಂ ಇದೆ.

೧೦ ಜುಲೈ, ಬುಧವಾರ

ತಾಲೀಮು. ಊರಿನ ಹುಡುಗ ರಾಮಲಿಂಗನದು ರೋಗಿಯ ಪಾತ್ರ. ಚಕ್ಕಡಿಯಲ್ಲಿ ಮಲಗಿ ಬೀಡಿ ಹಚ್ಚಿದ.

"ಭೇದಿ ಹತ್ತಿದಾಂವ ಬೀಡಿ ಸೇದತಾನೇನೋ?"

"ಇನ್ನೂ ಹತ್ತಿಲ್ಲಲ್ರಿ ಸಾಹೇಬ್ರ."

ದಾರಿಯಲ್ಲಿ ಹೆಂಗಸರು ನಿಜವೆಂದೇ ತಿಳಿದು ಅತ್ತರು. ಟಿಕೋಟಾ ಮುಟ್ಟಲು ಎರಡು ತಾಸು ಹತ್ತು ನಿಮಿಷ. ಭೇಷ್. ನಾಲ್ಕೂ ಪ್ರತಿಗೆ ಸಹಿ ಹಾಕಿ, ಮೊಹರು ಒತ್ತಿ ಕಳಿಸಿದೆ. ಈ ನೌಕರಿಯಲ್ಲಿ ಒಂದು ಕೆಲಸವಾದರೂ ನೆಟ್ಟಗಾಯಿತು.

೧೪ ಜುಲೈ, ಭಾನುವಾರ. ಘೋಣಸಗಿ

ಎರಡು ದಿನ ಮಳೆ. ಇಲ್ಲಿ ವಾಂತಿಭೇದಿ ಶುರುವಾಗಿದೆಯಂತೆ. ಕೆಸರಲ್ಲಿ ನಡೆದೇ ಬಂದೆ. ರಾತ್ರಿ ಶಾಲೆಯಲ್ಲಿ ಮಲಗುವುದು.

೧೫ ಜುಲೈ, ಸೋಮವಾರ. ಬೆಳಿಗ್ಗೆ ೯

ಗಾದಿ ಹೊಲಿಯುವ ರಸೂಲಸಾಬನ ಹೆಂಡತಿ ಪೀರಾಂಬಿ. ನಸುಕಿನಿಂದ ವಾಂತಿಭೇದಿ ನಿಂತಿಲ್ಲ. ಕಣ್ಣು ಗುಳಿ ಬಿದ್ದಿವೆ, ನಾಡಿ ಸಿಕ್ಕೂ ಸಿಗದ ಹಾಗೆ. ಕುಡಿಸಿದ್ದೆಲ್ಲ ವಾಪಸ್. ಸಲೈನ್ ಇಲ್ಲದೆ ಸಂಜೆ ಕಾಣುವುದಿಲ್ಲ. ಚಕ್ಕಡಿಗೆ ಹೇಳಿ ಕಳಿಸಿದೆ.

೯-೪೦

ಬರಲಿಲ್ಲ. ನಾನೇ ಓಡಿದೆ. ಮಲಕಾಜಪ್ಪ ಎತ್ತುಗಳ ಮೈ ತೊಳೆದು ವಿಭೂತಿ ಹಚ್ಚುತ್ತಿದ್ದಾನೆ!

"ಸೋಮವಾರ ಎತ್ತ ಹೂಡೂದಿಲ್ರಿ. ಬಸವಣ್ಣನ ದಿನ."

ಊರಿನ ಹದಿನಾಲ್ಕು ಜೋಡಿಗೂ ಇದೇ ಅಂತೆ.

"ಅವತ್ತ ಯಾಕ ಹೇಳಲಿಲ್ಲೋ?"

"ನಿಮಗ ಗೊತ್ತಿಲ್ಲಂತ ನನಗ ಹೆಂಗ ಗೊತ್ತಾಗಬೇಕ್ರಿ?"

ನಾನು ಹುಟ್ಟಿ ಬೆಳೆದದ್ದು ವಿಜಾಪುರದ ಸಿದ್ಧೇಶ್ವರ ಗುಡಿಯ ಓಣಿಯಲ್ಲಿ. ಉಳುವುದು ಹೂಡುವುದು ನನಗೇನು ಗೊತ್ತು! ಎತ್ತಿನ ಬಣ್ಣ ಕೇಳಿದವನು ವಾರ ಕೇಳಲಿಲ್ಲ. ತಾಲೀಮು ಬುಧವಾರ ಮಾಡಿ ಭೇಷ್ ಅಂದುಕೊಂಡೆ... ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಬೆನ್ನ ಹಿಂದೆಯೇ ಬಂದ ರಸೂಲಸಾಬ — ಹೆಂಡತಿ ಸಾಯಲು ಬಿದ್ದಿದ್ದಾಳೆ — ನನ್ನ ಕೈ ಹಿಡಿದು, "ಬಿಡ್ರಿ ಸಾಹೇಬ್ರ, ಸೋಮವಾರ ಐತಿ" ಅನ್ನುತ್ತಾನೆ! ತಲೆ ಎಲ್ಲಿ ಚಚ್ಚಿಕೊಳ್ಳಲಿ?

ಮಲಕಾಜಪ್ಪ ರುಮಾಲು ಬಿಚ್ಚಿ ಮಡಚಿ ಹೆಗಲ ಮೇಲೆ ಹಾಕಿಕೊಂಡ. ಚಕ್ಕಡಿಯ ನೊಗ ಎತ್ತಿ ಅದರ ಮೇಲಿಟ್ಟ.

"ಸೋಮವಾರ ಎತ್ತಿಗೈತ್ರಿ. ನನಗೆಲ್ಲೈತಿ?"

ಇನ್ನೊಂದು ಬದಿಗೆ ರಸೂಲಸಾಬ ನಿಂತ.

ಮಧ್ಯಾಹ್ನ ೨. ಟಿಕೋಟಾ ಆಸ್ಪತ್ರೆ

ಮೂರೂವರೆ ತಾಸು. ರಾಮಲಿಂಗ, ಇನ್ನೂ ನಾಲ್ವರು ಸರದಿಯ ಮೇಲೆ ನೊಗಕ್ಕೆ ಬಂದರು. ಮಲಕಾಜಪ್ಪ ಮಾತ್ರ ನೊಗ ಬಿಡಲಿಲ್ಲ. ನಾನು ಹಿಂದಿನಿಂದ ನೂಕಿದೆ. ಚಪ್ಪಲಿ ಎರೆಮಣ್ಣಿನಲ್ಲೇ ಉಳಿದವು. ಚಕ್ಕಡಿಯ ಮೇಲೆ ಮಗಳು ಇಮಾಮಬಿ ತಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಡಾಕ್ಟರಿಲ್ಲ. ವಿಜಾಪುರದಲ್ಲಿ ಮೀಟಿಂಗ್ — ತುರ್ತು ಯೋಜನೆಗಳ ಬಗ್ಗೆಯೇ! ಕಾಂಪೌಂಡರ್ ನಿಜಾಮುದ್ದೀನ ಸಲೈನ್ ಹಚ್ಚಿದ. "ಒಂದಕ್ಕ ಹೋದ್ರ ನೀರು ಮೈಗೆ ಹತ್ತಿದಂಗ, ಉಳದ್ಲು. ಇಲ್ಲಾಂದ್ರ ಆಸೆ ಬಿಡ್ರಿ" ಅಂದ.

ಮಲಕಾಜಪ್ಪನ ಹೆಗಲಿನ ಚರ್ಮ ಸುಲಿದಿದೆ. ಬೆಳಿಗ್ಗೆ ಅವನಿಗೆ ಅಂದ ಮಾತು ನೆನೆದು ನಾಚಿಕೆಯಾಗುತ್ತಿದೆ.

ಸಂಜೆ ೫-೧೦

ಐದನೆಯ ಬಾಟಲಿ. ಏನೂ ಇಲ್ಲ. ರಸೂಲಸಾಬ ಗೋಡೆ ನೋಡುತ್ತ ಕೂತಿದ್ದಾನೆ. ಯೋಜನೆ ತಿದ್ದಬೇಕು. ಏನಂತ? ಸೋಮವಾರ — ಮನುಷ್ಯರು? ಬಣ್ಣ, ವಯಸ್ಸಿನ ಸಮೇತ? ಬರೆಯುತ್ತೇನೆ. ವಿಜಾಪುರದವರು ನಕ್ಕರೆ ನಗಲಿ...

ಇಮಾಮಬಿ ಒಳಗಿನಿಂದ ಓಡಿ ಬಂದಳು. ಎಲ್ಲರೂ ಎದ್ದರು.

"ಅಬ್ಬಾ! ಅಮ್ಮಾ ಒಂದಕ್ಕ ಮಾಡ್ಯಾಳ! ಹಾಸಿಗಿ ಪೂರಾ ತೊಯ್ದೈತಿ!"

ರಸೂಲಸಾಬ ಮಲಕಾಜಪ್ಪನನ್ನು ತಬ್ಬಿಕೊಂಡು ಗೋಳೋ ಅಂತ ಅಳುತ್ತಿದ್ದಾನೆ. ಹೆಗಲು ಉರಿಯುವುದಿಲ್ಲವೇ ಅವನಿಗೆ, ಮೆಲ್ಲಗಾದರೂ ಹಿಡಿಯಬಾರದೇ! ನನಗೂ ಅಕ್ಷರ ಮಂಜಾಗುತ್ತಿವೆ. ಆ ತೊಯ್ದ ಹಾಸಿಗೆ ಕಣ್ಣಾರೆ ನೋಡದೆ ನಾನು ಇನ್ನೊಂದು ಸಾಲು ಕೂಡ ಬರೆಯ—