ಅತ್ತೆ ಚೆನ್ನಾಗಿಯೇ ಇದ್ದಾರಲ್ಲ

ವಿಶ್ವವಿದ್ಯಾಲಯದ ಆಸ್ಪತ್ರೆ, ಮೂರನೇ ಮಹಡಿ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಮೆಸೇಜಿಗೂ ಬರೀ ಹೆಬ್ಬೆರಳ ಚಿತ್ರ ಕಳಿಸಿ ತಪ್ಪಿಸಿಕೊಂಡೆ, ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕೇಳಿಸದು, ಮೆಸೇಜಿನಲ್ಲಿ ಹೇಳೋಣವೆಂದರೆ ಇದು ಅಷ್ಟು ಚಿಕ್ಕದಲ್ಲ. ಬಟ್ಟೆ ತಂದುಕೊಡಲು ಭಾವ ಬಂದಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತೇನೆ. ದಾರಿಯಲ್ಲಿ ಓದಿಬಿಡುತ್ತಾರೆಂಬ ಭಯವಿಲ್ಲ. ಕನ್ನಡಕ ಮನೆಯಲ್ಲೇ ಬಿಟ್ಟಿದ್ದಾರೆ.

ನಮ್ಮ ಮಗಳು ಗುಬ್ಬಿಗೆ ಹಸಿವಿಲ್ಲ, ಹಠಕ್ಕೇನೂ ಬರವಿಲ್ಲ. ಕುತ್ತಿಗೆಯ ಗಂಟು ಕ್ಯಾನ್ಸರೇ ಎಂದು ಖಚಿತವಾಯಿತು. ವಾಸಿಯಾಗುವಂಥದ್ದು ಎನ್ನುತ್ತಾರೆ.

ಅಂಗಡಿಗಳಿಗೆ ಪ್ರಾಸ ಕಟ್ಟಿ ಬೋರ್ಡು ಬರೆದು ಬದುಕುವವನ ಕಣ್ಣು ಎಲ್ಲಿ ಹೋದರೂ ಬೋರ್ಡಿನ ಮೇಲೇ ಬೀಳುತ್ತದೆ. ಇಲ್ಲಿ ಎದುರುಬದುರು ಬಾಗಿಲು: ಒಂದು ಕ್ಯಾನ್ಸರ್ ವಿಭಾಗ, ಇನ್ನೊಂದು ಸಂತಾನ ವಿಜ್ಞಾನ ಸಂಶೋಧನಾಲಯ. ಯಾರೋ ತಪ್ಪಿ ತಗಲಿಸಿದ್ದಾರೆ ಅಂದುಕೊಂಡೆ. ತಪ್ಪಲ್ಲವಂತೆ, ಇಬ್ಬರೂ ಕೂಡಿಯೇ ಸಂಶೋಧನೆ ಮಾಡುವುದಂತೆ. ನಿನ್ನೆ ಎದುರು ಬಾಗಿಲಿನಿಂದ ಸಂಶೋಧಕಿಯೊಬ್ಬರು ನೇರ ಗುಬ್ಬಿಯ ಮಂಚಕ್ಕೆ ಬಂದರು.

"ನೋಡಮ್ಮ, ಈ ಔಷಧಿ ಗಂಟನ್ನ ಕರಗಿಸುತ್ತೆ, ಜೊತೆಗೆ ಅಂಡಾಶಯಾನೂ ಹಾಳು ಮಾಡಬಹುದು. ಶುರು ಮಾಡೋ ಮುಂಚೆ ಅದರ ಒಂದು ತುಣುಕು ತೆಗೆದು ಫ್ರೀಜ್ ಮಾಡಿ ಇಡ್ತೀವಿ. ವಾಸಿಯಾದ್ಮೇಲೆ, ಬೇಕು ಅಂದಾಗ ವಾಪಸ್ ಕೂರಿಸ್ತೀವಿ."

"ಮಗು ಆಗೇ ಆಗುತ್ತಾ?" ಎಂದಳು ನನ್ನ ಹೆಂಡತಿ.

"ಮಾತು ಕೊಡಲ್ಲ. ಬಾಗಿಲು ಪೂರ್ತಿ ಮುಚ್ಚದಿರಲಿ ಅಂತ ಚಪ್ಪಲಿ ಅಡ್ಡ ಇಟ್ಟ ಹಾಗೆ, ಅಷ್ಟೇ."

ಆದರೆ ಅದಕ್ಕಾಗಿ ಔಷಧಿಯನ್ನು ಒಂದು ವಾರ ತಡೆಯಬೇಕು. ಕ್ಯಾನ್ಸರ್ ಡಾಕ್ಟರು, "ತಡೀಬಹುದು. ನನ್ನ ಮಗಳಾಗಿದ್ರೆ ನನಗೂ ನಿದ್ದೆ ಬರ್ತಿರಲಿಲ್ಲ" ಎಂದರು. ಎರಡರಲ್ಲಿ ಯಾವ ಮಾತು ನಂಬಬೇಕೋ ತಿಳಿಯದೆ ಎರಡನ್ನೂ ನಂಬಿ ಕೂತಿದ್ದೇನೆ. ಗಂಟು ದೊಡ್ಡದಾಯಿತೇನೋ ಎಂದು ಗಳಿಗೆಗೊಮ್ಮೆ ನೋಡುತ್ತೇನೆ. "ಅಪ್ಪ, ನೀನು ದಿಟ್ಟಿಸಿದ್ರೆ ಅದೇನೂ ನಾಚ್ಕೊಂಡು ಹೋಗಲ್ಲ" ಎಂದು ರೇಗುತ್ತಾಳೆ. ನನ್ನ ಹೆಂಡತಿ ಕಾಯೋಣ ಅನ್ನುತ್ತಾಳೆ, ನಾನು ಬೇಡವೆನ್ನುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಪಕ್ಷ ಬದಲಿಸಿರುತ್ತೇವೆ. ತೀರ್ಮಾನ ಮಾತ್ರ ಗುಬ್ಬಿಯದೇ, ಹತ್ತೊಂಬತ್ತಾಯಿತಲ್ಲ. ಗುರುವಾರ ಬೆಳಿಗ್ಗೆ ಹೇಳಬೇಕು.

ನಿನ್ನ ಊಟದ ಡಬ್ಬಿಗಳನ್ನು ವಾಪಸ್ ಕಳಿಸಿದ್ದೇನೆ. ತೊಳೆದವನು ನಾನು, ಆದ್ದರಿಂದ ಇನ್ನೊಮ್ಮೆ ತೊಳೆದುಕೋ. ಮಗುವಿನ ತಲೆಯ ಮೇಲೆ ನಿನ್ನ ಕೈಯಿರಲಿ, ನನ್ನ ಬೆನ್ನಿನ ಮೇಲೂ.

ನಿನ್ನ ತಮ್ಮ,
ಪ್ರಾಸರಾಯ

ಮತ್ತೆ: ಇದು ಮರೆತದ್ದಲ್ಲ, ಬರೆಯಲಾಗದೆ ಕೆಳಗೆ ತಳ್ಳಿದ್ದು. ಕಾಯೋದು ಬೇಡ ಎಂದು ಗುಬ್ಬಿ ನಿನ್ನೆಯೇ ಸಂಶೋಧಕಿಗೆ ಹೇಳಿಬಿಟ್ಟಿದ್ದಳು. "ನಮ್ಮತ್ತೆಗೂ ಕಾಲೇಜಲ್ಲಿದ್ದಾಗ ಕ್ಯಾನ್ಸರ್ ಬಂದಿತ್ತು. ಔಷಧಿಯಿಂದ ಕಿವಿ ಹೋಯ್ತು, ಮಕ್ಕಳೂ ಆಗ್ಲಿಲ್ಲ. ಆದ್ರೂ ಅತ್ತೆ ಚೆನ್ನಾಗೇ ಇದ್ದಾರಲ್ಲ, ಅಲ್ವಾಪ್ಪ?" ಎಂದು ನನ್ನ ಕಡೆ ತಿರುಗಿದಳು.

ಹೌದು ಅನ್ನಲು ಬಾಯಿ ತೆರೆದೆ. ಅನ್ನದೆ ಅವಳ ಹೊದಿಕೆ ಸರಿಪಡಿಸಿದೆ. ಇಷ್ಟು ವರ್ಷದಲ್ಲಿ ನೀನು ನಿಜಕ್ಕೂ ಚೆನ್ನಾಗಿದ್ದೀಯಾ ಎಂದು ನಮ್ಮ ಮನೆಯ ಒಬ್ಬರೂ ಕೇಳಿಲ್ಲ, ಅಕ್ಕ. ಗುಬ್ಬಿ ನನ್ನ ಮುಖ ನೋಡಿದಳು. ಆಮೇಲೆ, "ಹಾಗಾದ್ರೆ ಅತ್ತೇನ ಕೇಳಿ ಹೇಳ್ತೀನಿ" ಎಂದಳು.

ಭಾವ ನಾಳೆ ಮತ್ತೆ ಬರುತ್ತಾರಂತೆ. ನನ್ನ ಸಮಾಧಾನಕ್ಕೆಂದು ಒಂದಕ್ಷರವೂ ಬರೆಯಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆದು ಗುಬ್ಬಿಯ ಹೆಸರಿಗೇ ಕಳಿಸು. ಅವಳೇ ಮೊದಲು ಓದಲಿ. ಕೇಳಿದವಳು ಅವಳೊಬ್ಬಳೇ ತಾನೆ.